ತೂಕದಕ್ಕ

"ಅಕ್ಕನ ಬಗ್ಗೆ ನೀವೇ ನಾಲ್ಕು ಮಾತು ಹೇಳಿ ಮೇಡಂ, ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?" ಅಂತ ನಮ್ಮೂರ ಅಂಗನವಾಡಿಗೆ ಹೊಸದಾಗಿ ಬಂದಿರುವ ಟೀಚರು ಬಂದು ಕೇಳಿದಾಗ ನನಗೆ ಮೈ ಉರಿದುಹೋಯಿತು. ಗೊತ್ತು ಕಣಮ್ಮ, ಚೆನ್ನಾಗೇ ಗೊತ್ತು. ಅಕ್ಕ ಮಕ್ಕಳಿಗೆಲ್ಲ ಪಾಯಸ ಹಂಚಿದ್ದು ಗೊತ್ತು, ಯಾಕೆ ಹಂಚಿದರು ಅಂತಲೂ ಗೊತ್ತು. ಅದನ್ನೆಲ್ಲ ಶ್ರದ್ಧಾಂಜಲಿ ಸಭೆಯಲ್ಲಿ ಮೈಕು ಹಿಡಿದು ಹೇಳೋಕಾಗುತ್ತಾ? ನನ್ನ ಕೈಲಾಗಲ್ಲ ಅಂದುಬಿಟ್ಟೆ. ಪಾಪ, ಆ ಹುಡುಗಿ ಪೆಚ್ಚುಮೋರೆ ಹಾಕಿಕೊಂಡು ಹೋಯಿತು. ಸಭೆ ನಡೆಯಿತು. ಪಂಚಾಯ್ತಿಯವರು ಬಂದು ಹಾರ ಹಾಕಿದರು, ಸೇವೆ ಅಂದರು, ತ್ಯಾಗ ಅಂದರು, ಟೀ ಕುಡಿದು ಹೋದರು. ನಾನು ಕೊನೇ ಬೆಂಚಿನಲ್ಲಿ ಕೂತು ಬಾಯಿ ಬಿಡದೆ ಎದ್ದು ಬಂದೆ. ಅಲ್ಲಿ ಆಡದ ಮಾತು ಹಾಗೇ ಉಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಶಿಡ್ಲಘಟ್ಟ ತಾಲ್ಲೂಕು, ಮೇಲೂರಿಗೆ ಹತ್ತಿರ. ಒಂದೇ ಕಾಂಪೌಂಡಿನೊಳಗೆ ಈ ಕಡೆ ಪ್ರೈಮರಿ ಶಾಲೆ, ಆ ಕಡೆ ಅಂಗನವಾಡಿ. ಈ ಕಡೆ ನಾನು ಮೇಡಂ, ಆ ಕಡೆ ಅವರು ಟೀಚರು. ವಯಸ್ಸಿನಲ್ಲಿ ನನ್ನ ತಾಯಿಗಿಂತ ಸ್ವಲ್ಪ ಚಿಕ್ಕವರಿರಬೇಕು. ಆದರೆ ಊರಿಗೆಲ್ಲ ಅಕ್ಕ, ಹಾಗಾಗಿ ನನಗೂ ಅಕ್ಕ. ನಾನು ಕೆಲಸಕ್ಕೆ ಸೇರಿದ ದಿನವೇ ಬಾಗಿಲಲ್ಲಿ ಬಂದು ನಿಂತು, ಸೊಂಟದ ಮೇಲೆ ಕೈ ಇಟ್ಟುಕೊಂಡು, "ಏಮ್ಮಾ, ಬುತ್ತಿ ತಂದಿದೀಯೋ, ಇಲ್ಲ ಚಾಕ್‌ಪೀಸೇ ತಿಂತೀಯೋ?" ಅಂದವರು. ತವರು ಚಿಂತಾಮಣಿ ಕಡೆ. ಕನ್ನಡದಲ್ಲಿ ಶುರು ಮಾಡಿ ತೆಲುಗಿಗೆ ಜಾರಿ, ಮತ್ತೆ ಕನ್ನಡಕ್ಕೆ ಬರೋರು. ಮಕ್ಕಳೆಲ್ಲ ಅವರಿಗೆ ನಾಯನಾ, ಬುಜ್ಜಿ, ಬಂಗಾರು. ಸಿಟ್ಟು ಬಂದರೆ ಅದೇ ಬಂಗಾರುಗಳು ದೆವ್ವದ ಮರಿಗಳು. ಕಾಂಪೌಂಡಿಗೆ ಹಸು ನುಗ್ಗಿದರೆ ಅದರ ಯಜಮಾನನ ಮೂರು ತಲೆಮಾರನ್ನು ಹೆಸರು ಹಿಡಿದು ಬೈದು, ಆಮೇಲೆ ಹಸುವಿಗೆ ಹಿಂದಿನ ದಿನದ ಅನ್ನ ಹಾಕಿ ಕಳಿಸೋರು.

ತೂಕದಕ್ಕ ಅನ್ನುವ ಹೆಸರು ಊರವರು ಇಟ್ಟದ್ದು. ತಿಂಗಳಿಗೊಂದು ದಿನ ಮಕ್ಕಳನ್ನೆಲ್ಲ ತೂಗಬೇಕು. ಬೇರೆ ಕಡೆ ಅದೊಂದು ಸರ್ಕಾರಿ ಕೆಲಸ, ಅಕ್ಕನಿಗೆ ಮಾತ್ರ ಹಬ್ಬ. ಅಂಗಳದ ಹೊಂಗೆ ಮರದ ಕೊಂಬೆಗೆ ತಕ್ಕಡಿ ನೇತು ಹಾಕೋರು. ಅದಕ್ಕೆ ಎರಡು ಕಾಲು ತೂರಿಸುವ ಚಡ್ಡಿಯಂಥ ಜೋಳಿಗೆ. ಮಗುವನ್ನು ಕೂರಿಸುವ ಮೊದಲು ಅಳತೆ ಗೊತ್ತಿರುವ ಒಂದು ರಾಗಿ ಚೀಲ ನೇತು ಹಾಕಿ, ಮುಳ್ಳು ಸರಿಯಾದ ಕಡೆ ನಿಂತಿತಾ ಅಂತ ಕಣ್ಣು ಕಿರಿದು ಮಾಡಿ ನೋಡೋರು. "ತಕ್ಕಡಿಗೆ ಮುಲಾಜಿಲ್ಲ ಕಣಮ್ಮ. ಮುಲಾಜೆಲ್ಲ ನಮಗೇ," ಅನ್ನೋರು. ತೂಕ ಚೆನ್ನಾಗಿರುವ ಮಗು ಚಾರ್ಟಿನಲ್ಲಿ ಹಸಿರು ಪಟ್ಟೆ, ಕಮ್ಮಿಯಾದರೆ ಹಳದಿ, ತೀರಾ ಕಮ್ಮಿಯಾದರೆ ಕೆಂಪು. ಯಾರದ್ದಾದರೂ ಮಗು ಹಳದಿಗೆ ಇಳಿದರೆ ಆ ತಾಯಿಯ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ. ಅಕ್ಕ ಸಂಜೆ ಅವರ ಮನೆ ಬಾಗಿಲಿಗೆ ಹೋಗಿ, ಅಡುಗೆಮನೆಗೇ ನುಗ್ಗಿ, ಪಾತ್ರೆಯ ಮುಚ್ಚಳ ತೆಗೆದು ನೋಡೋರು.

ನನ್ನ ಮಗ ಮನು ಹಳದಿಯಲ್ಲಿದ್ದ. ಮೂರು ವರ್ಷದ ಹುಡುಗ, ಕಡ್ಡಿ ಹಾಗೆ. ಊಟ ಅಂದರೆ ಓಡಿಹೋಗೋನು. ಮೇಡಂ ಮಗನೇ ಹಳದಿಯಲ್ಲಿದ್ದಾನೆ ಅಂತ ಅಕ್ಕನಿಗೆ ಅವಮಾನ, ನನಗಿಂತ ಹೆಚ್ಚು. "ಇವನ್ನ ಹಸಿರಿಗೆ ತರದಿದ್ರೆ ನನ್ನ ಹೆಸರು ಬೇರೆ ಇಡು," ಅಂದರು. ಸರ್ಕಾರದ ಮೊಟ್ಟೆ ಸಾಲದೆ ಮನೆಯ ಕೋಳಿಯ ಮೊಟ್ಟೆ ತಂದರು. ರಾಗಿಯನ್ನು ಮೊಳಕೆ ಕಟ್ಟಿ, ಹುರಿದು, ಬೀಸಿ, ಬೆಲ್ಲ ಹಾಕಿ ಮಾಲ್ಟು ಮಾಡಿ ಅವನ ಹಿಂದೆ ಲೋಟ ಹಿಡಿದು ಕಾಂಪೌಂಡೆಲ್ಲ ಸುತ್ತಿದರು. ಕಥೆ ಹೇಳಿದರು, ಬೈದರು, ಕಾಗೆ ತೋರಿಸಿದರು. ಕೆಲವು ತಿಂಗಳು ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಏರತೊಡಗಿತು. ಪ್ರತಿ ತಿಂಗಳೂ ಏರಿತು. ಒಂದು ಶನಿವಾರ ಮನು ಹಸಿರು ಪಟ್ಟೆಗೆ ಬಂದ.

ಅಕ್ಕ ಅವತ್ತು ಹೆಸರುಬೇಳೆ ಪಾಯಸ ಮಾಡಿ ನಮ್ಮ ಶಾಲೆಯ ಮಕ್ಕಳಿಗೂ ಹಂಚಿದರು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಅಕ್ಕ ಮನುವಿನ ಶರ್ಟು ಎತ್ತಿ ಹೊಟ್ಟೆ ಸವರಿ, "ನೋಡಮ್ಮಾ, ಹೆಂಗೆ ಗುಂಡಗೆ ತುಂಬ್ಕೊಂಡೈತೆ! ಗಣಪ ಕಣೇ ಇವನು, ಸಾಕ್ಷಾತ್ ಗಣಪ," ಅಂದರು. ಆ ವರ್ಷದ ಗಣೇಶನ ಹಬ್ಬಕ್ಕೆ ಅಂಗನವಾಡಿಯಲ್ಲಿ ಮಕ್ಕಳಿಗೆ ವೇಷ ಹಾಕಿಸಿದಾಗ ಗಣಪನ ಪಾತ್ರ ಯಾರಿಗೆ ಅಂತ ಯಾರೂ ಕೇಳಲೇ ಇಲ್ಲ. ರಟ್ಟಿನ ಕಿರೀಟ, ಬಟ್ಟೆ ಸುತ್ತಿದ ಸೊಂಡಿಲು, ಹಳದಿ ಪಂಚೆ. ಬೇರೆ ಮಕ್ಕಳಾಗಿದ್ದರೆ ಹೊಟ್ಟೆಗೆ ದಿಂಬು ಕಟ್ಟಬೇಕಿತ್ತು, ಇವನಿಗೆ ಬೇಡ ಅಂತ ಎಲ್ಲರೂ ನಕ್ಕರು. ನಾನು ಫೋನಿನಲ್ಲಿ ಫೋಟೋ ತೆಗೆದೆ. ಫೋಟೋ ತೆಗೆಯುವಾಗ ಅಕ್ಕ ಪಕ್ಕದಿಂದ ಕೈ ಚಾಚಿ ಅವನ ಹೊಟ್ಟೆಯ ಮೇಲೆ ಇಟ್ಟು, "ಇದು ಬರ್ಲಿ, ಇದು ಮುಖ್ಯ!" ಅಂದರು. ಫೋಟೋದಲ್ಲಿ ಅವರಿಲ್ಲ. ಹಸಿರು ಗಾಜಿನ ಬಳೆ ಹಾಕಿದ ಒಂದು ಕೈ ಇದೆ ಅಷ್ಟೇ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಅವನ ಚಡ್ಡಿಯ ಎಲಾಸ್ಟಿಕ್ಕು ಸೊಂಟದಲ್ಲಿ ಕೆಂಪಗೆ ಗೆರೆ ಎಳೆಯತೊಡಗಿತು. ದೊಡ್ಡ ಸೈಜಿನ ಚಡ್ಡಿ ತಂದೆ. ಸ್ನಾನ ಮಾಡಿಸುವಾಗ ನಮ್ಮತ್ತೆ, "ಇದೇನೇ, ಹೊಟ್ಟೆ ಒಂದು ಪಕ್ಕ ಕಲ್ಲಾಗೈತೆ, ತಿಂದಿದ್ದು ಅರಗಿಲ್ಲ," ಅಂದರು. ಅವರಿಗೆ ಗೊತ್ತಿದ್ದದ್ದು ಅವರು ಮಾಡಿದರು. ಕಳವಾರದ ಕಡೆ ಮಕ್ಕಳ ಹೊಟ್ಟೆ ನೀವುವ ಒಬ್ಬ ಅಜ್ಜಿ ಇದ್ದಾರೆ ಅಂತ ಕರೆದುಕೊಂಡು ಹೋಗಿ ಹರಳೆಣ್ಣೆ ಹಚ್ಚಿ ನೀವಿಸಿಕೊಂಡು ಬಂದರು. ನಮ್ಮ ಕಡೆ ನೀವಿಸದ ಮಕ್ಕಳೇ ಇಲ್ಲ. ನನ್ನನ್ನೂ ನೀವಿಸಿದ್ದಾರೆ, ನಮ್ಮಮ್ಮನನ್ನೂ ನೀವಿಸಿದ್ದಾರೆ. ಎರಡು ದಿನಕ್ಕೆ ಮನು ಹೊಟ್ಟೆ ಹಿಡಿದುಕೊಂಡು ಕಿರುಚಿದ. ಮೂತ್ರ ಕೆಂಪಗೆ ಹೋಯಿತು. ಚಿಕ್ಕಬಳ್ಳಾಪುರಕ್ಕೆ ಓಡಿದೆವು. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರು ಮೊದಲೆಲ್ಲ ಮನುವಿನ ಜೊತೆ ತಮಾಷೆ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ನಮ್ಮ ಯಜಮಾನರನ್ನು ಒಳಗೆ ಕರೆದರು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಬಿಡಿಸಿ ಹೇಳಿದರು. ಮೂತ್ರಪಿಂಡದಲ್ಲಿ ಗಡ್ಡೆ, ಕ್ಯಾನ್ಸರು. ಇಷ್ಟು ಸಣ್ಣ ಮಗುಗಾ ಅಂದೆ. ಅಪರೂಪ, ಆದರೆ ಮಕ್ಕಳಿಗೆ ಬರುವುದೇ ಇಂಥದ್ದು, ನೀವು ಮಾಡಿದ್ದರಿಂದ ಬಂದದ್ದಲ್ಲ ಅಂದರು ಅಲ್ಲಿನ ಡಾಕ್ಟರಮ್ಮ. ಇದು ಬಂದ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ, ಗಡ್ಡೆ ಒಡೆಯದೆ, ಬೇರೆ ಕಡೆ ಹರಡದೆ ಇರುವಾಗಲೇ ಆಸ್ಪತ್ರೆಗೆ ಬಂದರೆ ಅಂತಲೂ ಅಂದರು. ಮನುವಿನದು ಹೊಟ್ಟೆಯೊಳಗೇ ಒಡೆದಿತ್ತು. ಶ್ವಾಸಕೋಶಕ್ಕೂ ಹೋಗಿತ್ತು. ಹೊಟ್ಟೆ ನೀವಿಸಿದ್ದರಿಂದಲೇ ಒಡೆಯಿತಾ ಅಂತ ಕೇಳಿದೆ. ತಾನಾಗಿಯೂ ಒಡೆಯಬಹುದು, ಹೇಳೋಕಾಗಲ್ಲ, ಆದರೆ ಇಂಥ ಹೊಟ್ಟೆಯನ್ನು ಒತ್ತಬಾರದು ಅಂದರು. ನಮ್ಮತ್ತೆ ಅವತ್ತು ಆಸ್ಪತ್ರೆಯ ನೆಲದ ಮೇಲೆ ಕೂತವರು ಸಂಜೆಯವರೆಗೂ ಏಳಲಿಲ್ಲ.

"ತೂಕ ಸರಿಯಾಗಿತ್ತಲ್ಲ ಡಾಕ್ಟ್ರೇ," ಅಂದೆ. "ತಿಂಗಳು ತಿಂಗಳು ಏರ್ತಾನೇ ಇತ್ತಲ್ಲ."

"ಗಡ್ಡೆಗೂ ತೂಕ ಇರುತ್ತಮ್ಮ," ಅಂದರು. ಮನುವಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. ಆ ತೋಳು ಹಳದಿಯಲ್ಲಿದ್ದಾಗ ಎಷ್ಟು ದಪ್ಪ ಇತ್ತೋ ಅದಕ್ಕಿಂತ ಸಣ್ಣಗಾಗಿತ್ತು. ಅಕ್ಕನ ತಕ್ಕಡಿ ಸುಳ್ಳು ಹೇಳಿರಲಿಲ್ಲ. ನಾವೆಲ್ಲ ಸೇರಿಕೊಂಡು ತಿಂಗಳಾನುಗಟ್ಟಲೆ ಆ ಗಡ್ಡೆಯನ್ನು ತೂಗಿ ಚಪ್ಪಾಳೆ ತಟ್ಟಿದ್ದೆವು.

ಆಪರೇಷನ್ ಆಯಿತು, ಇಂಜೆಕ್ಷನ್ನುಗಳಾದವು, ತಲೆಗೂದಲು ದಿಂಬಿನ ಮೇಲೆ ಉದುರಿತು. ಮನು ಬುದ್ಧಿವಂತ. ಡ್ರಿಪ್ಪು ಹಾಕೋ ಸಿಸ್ಟರಿಗೆ ಯಾವ ಕೈಲಿ ನರ ಚೆನ್ನಾಗಿದೆ ಅಂತ ಅವನೇ ತೋರಿಸುತ್ತಿದ್ದ. ಒಂದು ದಿನ ಅಕ್ಕ ಆಸ್ಪತ್ರೆಗೆ ಬಂದರು. ಶಿಡ್ಲಘಟ್ಟದ ಬಸ್ಸು ಹತ್ತಿ, ಬೆಂಗಳೂರಲ್ಲಿ ಕೇಳಿಕೊಂಡು ಕೇಳಿಕೊಂಡು, ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ಇಟ್ಟುಕೊಂಡು ಬಂದಿದ್ದರು. ವಾರ್ಡಿನ ಬಾಗಿಲಲ್ಲಿ ಅವರನ್ನು ಕಂಡದ್ದೇ ನನ್ನ ತಲೆ ಕೆಟ್ಟುಹೋಯಿತು. "ಬನ್ನಿ ಅಕ್ಕಾ, ಪಾಯಸ ತಂದಿದೀರಾ ಇವತ್ತೂ?" ಅಂದೆ. ಸುತ್ತ ಇದ್ದ ತಾಯಂದಿರೆಲ್ಲ ತಿರುಗಿ ನೋಡಿದರು. ಅಕ್ಕ ಡಬ್ಬಿಯನ್ನು ಮಂಚದ ಕೆಳಗೆ ಇಟ್ಟು, ಮನುವಿನ ಪಾದ ಮುಟ್ಟಿ ಹೋದರು. ಆಡಿದ ಮಾತಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆವಾಗ ಯಾರನ್ನಾದರೂ ಬೈಯದೇ ಇದ್ದಿದ್ದರೆ ನಾನು ಉಳಿಯುತ್ತಿರಲಿಲ್ಲ.

ಮುಂದಿನ ಗಣೇಶನ ಹಬ್ಬಕ್ಕೆ ಮನು ಇರಲಿಲ್ಲ.

ರಜೆ ಮುಗಿಸಿ ಶಾಲೆಗೆ ಬಂದ ಮೇಲೆ ಎರಡು ವರ್ಷ ನಾನು ಅವರ ಜೊತೆ ಮಾತಾಡಲಿಲ್ಲ. ಒಂದೇ ಕಾಂಪೌಂಡು, ಒಂದೇ ನಲ್ಲಿ, ಒಂದೇ ಗೇಟು, ಆದರೂ ಮಾತಿಲ್ಲ. ಅವರು ಎದುರಿಗೆ ಬಂದರೆ ನಾನು ಫೋನು ತೆಗೆದು ನೋಡುತ್ತಿದ್ದೆ. ಅವರೂ ಮೇಲೆ ಬೀಳಲಿಲ್ಲ. ಒಂದು ವ್ಯತ್ಯಾಸ ಮಾತ್ರ ಕಿವಿಗೆ ಬಿತ್ತು. ಬೇರೆಯವರ ಹತ್ತಿರ ನನ್ನ ವಿಷಯ ಬಂದರೆ ಮೊದಲು "ನಮ್ಮಮ್ಮಾಯಿ", ಅಂದರೆ ನಮ್ಮ ಹುಡುಗಿ, ಅನ್ನುತ್ತಿದ್ದವರು ಈಗ "ಮೇಡಂನೋರು" ಅನ್ನತೊಡಗಿದ್ದರು.

ನನ್ನ ಕ್ಲಾಸಿನ ಕಿಟಕಿಯಿಂದ ಹೊಂಗೆ ಮರ ಕಾಣುತ್ತೆ. ತೂಕದ ದಿನ ಬೇಡ ಬೇಡ ಅಂದರೂ ಕಣ್ಣು ಅತ್ತ ಹೋಗುತ್ತಿತ್ತು. ಅಕ್ಕ ಈಗಲೂ ರಾಗಿ ಚೀಲ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಆದರೆ ಮಗುವನ್ನು ಜೋಳಿಗೆಗೆ ಹಾಕುವ ಮೊದಲು ಹೊಸದೊಂದು ಆಟ ಸೇರಿತ್ತು. ಮೊದಲು ಮಗುವಿನ ತೋಳನ್ನು ಬೆರಳಲ್ಲಿ ಬಳಸಿ ನೋಡೋರು. ಆಮೇಲೆ ಎರಡು ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಇವತ್ತೇನು ತಿಂದೆ ನಾಯನಾ? ಹೇಳ್ಬೇಡ ಹೇಳ್ಬೇಡ, ನಾನೇ ಹುಡುಕ್ತೀನಿ," ಅನ್ನೋರು. ಹೊಟ್ಟೆಯ ಮೇಲೆ ಅಂಗೈ ಹಗುರವಾಗಿ ಇಡೋರು. "ಇಲ್ಲಿ ಮುದ್ದೆ ಐತೆ. ಇಲ್ಲಿ ಸೊಪ್ಪು ಐತೆ. ಆಹಾ, ಕಳ್ಳ, ಇಲ್ಲಿ ಬೆಲ್ಲ ಬಚ್ಚಿಟ್ಟಿದೀಯ!" ಮಕ್ಕಳು ಕಿಲಕಿಲ ನಗೋವು. ಆ ಹೊತ್ತಿನಲ್ಲಿ ಅಕ್ಕ ಮಗುವಿನ ಮುಖ ನೋಡುತ್ತಿರಲಿಲ್ಲ, ಹೊಟ್ಟೆಯನ್ನೂ ನೋಡುತ್ತಿರಲಿಲ್ಲ. ತಲೆ ಎತ್ತಿ ಮರದ ಎಲೆ ನೋಡುತ್ತಿದ್ದರು. ನನ್ನ ಮಗ ಹೋದ ಮೇಲೆ ಇವರಿಗೆ ಆಟ ಬೇರೆ ಅಂತ ನಾನು ಕಿಟಕಿ ಮುಚ್ಚಿದೆ.

ಆಮೇಲೆ ನನ್ನ ಮಗಳು ಸಿರಿ ಹುಟ್ಟಿದಳು. ಅಂಗನವಾಡಿಯಿಂದ ಬರುವ ಯಾವುದೂ ನಮ್ಮ ಮನೆಗೆ ಬೇಡ ಅಂತ ಹೇಳಿ ಕಳಿಸಿದೆ. ತೂಕಕ್ಕೂ ಕಳಿಸಲಿಲ್ಲ.

ಒಂದು ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಅಕ್ಕ ನನ್ನ ಕ್ಲಾಸಿನ ಬಾಗಿಲಿಗೆ ಬಂದು ನಿಂತರು. ಸೆರಗಿನ ತುದಿ ಹಿಂಡುತ್ತಿದ್ದರು. ಸೊಂಟದ ಮೇಲೆ ಕೈ ಇಟ್ಟುಕೊಂಡು ಮಾತಾಡುತ್ತಿದ್ದ ಹೆಂಗಸು!

"ಮೇಡಂ, ಒಂದು ಮಾತು. ಆಮೇಲೆ ನೀವು ನನ್ನ ಮುಖಕ್ಕೆ ಉಗೀರಿ, ಬೇಜಾರಿಲ್ಲ."

ನಾನು ಕರಿಹಲಗೆ ಒರೆಸುತ್ತಲೇ ಇದ್ದೆ.

"ನೂರಿ ಹೊಟ್ಟೇಲಿ ಏನೋ ಐತೆ," ಅಂದರು. "ಎಡಗಡೆ. ಗಟ್ಟಿ. ನಾನು ಇನ್ನೊಂದು ಸಲ ಮುಟ್ಟಲಿಲ್ಲ. ಮುಟ್ಟಬಾರದು ಅಂತ ಡಾಕ್ಟ್ರಮ್ಮ ಹೇಳ್ಕೊಟ್ಟವ್ರೆ."

ಆಗಲೇ ನನಗೆ ಗೊತ್ತಾದದ್ದು. ಮನು ತೀರಿಕೊಂಡ ಮೇಲೆ ಅಕ್ಕ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಹೋಗಿ ಕೂತಿದ್ದರಂತೆ. ಹೊಟ್ಟೆ ಮುಟ್ಟಿ ನೋಡೋದು ಹೇಳಿಕೊಡಿ, ಇಲ್ಲದಿದ್ದರೆ ನಾನು ಇನ್ನು ತಕ್ಕಡಿ ಮುಟ್ಟಲ್ಲ ಅಂದಿದ್ದರಂತೆ. ಬೆರಳಲ್ಲಿ ಚುಚ್ಚಬಾರದು, ಅಂಗೈ ಇಡಬೇಕು, ಮಗು ನಗುತ್ತಿರಬೇಕು, ಗಟ್ಟಿ ಏನಾದರೂ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ ಕಳಿಸಬೇಕು ಅಂತ ಅವರು ಹೇಳಿಕೊಟ್ಟರಂತೆ. ಮರದ ಕೆಳಗಿನ ಆಟ ಅದಾಗಿತ್ತು.

ನೂರಿ ನಾಲ್ಕು ವರ್ಷದ ಹುಡುಗಿ. ಅವಳಪ್ಪ ರೇಷ್ಮೆ ರೀಲಿಂಗು, ಅಂದರೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ, ಮಾಡುವವನು. ಅಕ್ಕ ಅವರ ಮನೆಗೆ ಹೋಗಿ ಹೇಳಿದ್ದರು, ಯಾರೂ ನಂಬಿರಲಿಲ್ಲ. ಮಗುವಿಗೆ ಜ್ವರವಿಲ್ಲ, ನೋವಿಲ್ಲ, ಊಟ ಮಾಡುತ್ತೆ, ಬೀದಿಯೆಲ್ಲ ಓಡುತ್ತೆ. ಮೇಲಾಗಿ ಹಸಿರು ಪಟ್ಟೆಯಲ್ಲಿದ್ದಾಳೆ ಅಂತ ಹೋದ ತಿಂಗಳು ಅಕ್ಕನೇ ಹೇಳಿದ್ದರು. ನೂರಿಯ ದಾದಿ, ಅಂದರೆ ಅಪ್ಪನ ತಾಯಿ, ಅರಗಿಲ್ಲದ ಹೊಟ್ಟೆ ಇರಬೇಕು ಅಂತ ನೀವಿಸೋಕೆ ನಿಶ್ಚಯ ಮಾಡಿದ್ದರು. ಬೆಳಿಗ್ಗೆ ಎದ್ದು ಹೊರಡುವವರಿದ್ದರು.

"ನಾನು ಹೇಳಿದ್ರೆ ಕೇಳಲ್ಲ ಮೇಡಂ. ನಾನು ತೂಕದಕ್ಕ. ನೀವು ಹೇಳಿದ್ರೆ ಕೇಳ್ತಾರೆ." ಹಿಂಡುತ್ತಿದ್ದ ಸೆರಗು ಬಿಟ್ಟು, "ನೀವು ಮನು ತಾಯಿ," ಅಂದರು.

ಎರಡು ವರ್ಷದಲ್ಲಿ ಅವರ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ. ಕೈಲಿದ್ದ ಡಸ್ಟರನ್ನು ಅವರ ಮೇಲೆ ಎಸೆಯಬೇಕು ಅನ್ನಿಸಿತು. ನನ್ನ ಮಗನ ಹೊಟ್ಟೆಯ ಮೇಲೆ ಕೈಯಿಟ್ಟು ಗಣಪ ಅಂದವಳು ಈಗ ಇನ್ನೊಬ್ಬರ ಮಗುವಿಗೋಸ್ಕರ ನನ್ನ ಮಗನನ್ನು ಕೇಳೋಕೆ ಬಂದಿದ್ದಾಳಲ್ಲ! ಡಸ್ಟರು ಮೇಜಿನ ಮೇಲಿಟ್ಟು ಚಪ್ಪಲಿ ಹಾಕಿಕೊಂಡೆ. ನಾನು ಮುಂದೆ, ಅವರು ಹಿಂದೆ.

ನೂರಿಯ ಮನೆಯಲ್ಲಿ ಗೂಡು ಬೇಯಿಸಿದ ವಾಸನೆ ತುಂಬಿತ್ತು. ಹುಡುಗಿ ಹೊಸ್ತಿಲ ಮೇಲೆ ಕೂತು ಬಿಸ್ಕತ್ತು ಟೀಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು. ಅವಳಮ್ಮ ಫರ್ಜಾನಾ ಚಾಪೆ ಹಾಸಿದಳು. ದಾದಿ ನಮ್ಮನ್ನು ನೋಡಿದ ತಕ್ಷಣ ಅಕ್ಕನಿಗೆ ಕೈ ಮಾಡಿ, "ಕ್ಯಾ ಟೀಚರಮ್ಮ, ಮತ್ತೆ ಬಂದ್ರಾ? ಮಗು ಆರಾಮ್ ಐತೆ. ಚೆನ್ನಾಗಿರೋ ಮಗುಗೆ ಅಪಶಕುನ ಯಾಕೆ ಮಾತಾಡ್ತೀರಾ?" ಅಂದರು.

ನಾನು ಫೋನು ತೆಗೆದು, ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ ಆ ಗಣಪನ ಫೋಟೋ ಹುಡುಕಿ, ಫರ್ಜಾನಾ ಕೈಗೆ ಕೊಟ್ಟೆ.

"ಇವನು ನನ್ನ ಮಗ. ಇವನೂ ಚೆನ್ನಾಗಿದ್ದ. ಇವನೂ ಬಿಸ್ಕತ್ತು ತಿಂತಿದ್ದ. ನೋವು ಅಂತ ಒಂದು ದಿನ ಹೇಳಿರಲಿಲ್ಲ. ಈ ಹೊಟ್ಟೆ ನೋಡಿ ನಾವು ಪಾಯಸ ತಿಂದ್ವಿ. ಆಮೇಲೆ ನೀವಿಸಿದ್ವಿ," ಅಂದೆ. "ನೀವಿಸಬೇಡಿ ಕಣಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ. ನಾಳೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಒಂದು ಸ್ಕ್ಯಾನ್ ಮಾಡಿಸಿ. ಏನೂ ಇಲ್ಲ ಅಂದ್ರೆ ಬಂದು ನನ್ನ ಬೈರಿ, ಹೊಡೀರಿ."

ಫೋನು ದಾದಿಯ ಕೈಗೆ ಹೋಯಿತು. ದಾದಿ ಫೋಟೋ ನೋಡಿದರು, ನೂರಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಯಾ ಅಲ್ಲಾ," ಅಂತ ಮೆಲ್ಲಗೆ ಅಂದು, ಬಿಸ್ಕತ್ತು ತಿನ್ನುತ್ತಿದ್ದ ಹುಡುಗಿಯನ್ನು ಹತ್ತಿರ ಕರೆದು, ಹೊಟ್ಟೆ ಮುಟ್ಟಲು ಹೋದವರು ಕೈ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಫೋನನ್ನು ಪಕ್ಕದಲ್ಲಿದ್ದ ಅಕ್ಕನಿಗೆ ಕೊಟ್ಟರು. ಅಕ್ಕ ಆ ಫೋಟೋ ಯಾವತ್ತೂ ನೋಡಿರಲಿಲ್ಲ. ಒಂದು ಗಳಿಗೆ ನೋಡಿದರು. ಫೋನನ್ನು ಚಾಪೆಯ ಮೇಲಿಟ್ಟು ಎದ್ದು ಹೊರಗೆ ಹೋದರು.

ನಾನು ಬರುವಾಗ ಬೀದಿಯ ತುದಿಯ ಕಲ್ಲುಚಪ್ಪಡಿ ಮೇಲೆ ಕೂತಿದ್ದರು. ನನ್ನನ್ನು ಕಂಡು ಏಳಲಿಲ್ಲ. ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಿದ್ದರು.

"ಕೈ ಅಲ್ಲೇ ಇತ್ತಲ್ಲಮ್ಮಾ," ಅಂದರು. "ಅದರ ಮೇಲೇ ಇತ್ತಲ್ಲ ನನ್ನ ಕೈ."

ಎರಡು ವರ್ಷ ಕಾದಿಟ್ಟುಕೊಂಡಿದ್ದ ಬೈಗುಳವೆಲ್ಲ ನನ್ನ ಬಾಯಲ್ಲೇ ಇತ್ತು. ಅವರ ಪಕ್ಕ ಕೂತೆ. ಇಬ್ಬರೂ ಜೋರಾಗಿ ಅತ್ತೆವು. ಹಿಪ್ಪುನೇರಳೆ ಸೊಪ್ಪು ಹೊತ್ತುಕೊಂಡು ಹೋಗುತ್ತಿದ್ದವರು ನಿಂತು ನೋಡಿ ಹೋದರು. ಮನು ಹೋದ ಮೇಲೆ ನಾನು ಹಾಗೆ ಬಾಯಿಬಿಟ್ಟು ಅತ್ತಿದ್ದು ಅದೇ ಮೊದಲು.

ಬೆಳಿಗ್ಗೆ ಬಸ್ಸಿಗೆ ಅಕ್ಕನೂ ಹೊರಟರು. ನೂರಿಯನ್ನು ಫರ್ಜಾನಾ ತೊಡೆಯ ಮೇಲೆ ಕೂರಿಸಿಕೊಂಡರೆ, ಅಕ್ಕ ಪಕ್ಕದಲ್ಲಿ ಕೂತು ಅವಳ ಹೊಟ್ಟೆಗೆ ತಾಗದ ಹಾಗೆ ಕೈ ಅಡ್ಡ ಹಿಡಿದುಕೊಂಡಿದ್ದರು, ಕೋಳಿ ಮೊಟ್ಟೆ ಕಾಯುವ ಹಾಗೆ. ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಮನುವಿಗೆ ಬಂದದ್ದೇ. ಒಡೆದಿರಲಿಲ್ಲ. ಬೆಂಗಳೂರಿಗೆ ಹೋಗುವ ಮೊದಲು ಎರಡು ದಿನ ಊರಲ್ಲಿದ್ದಾಗ ನೆಂಟರಿಷ್ಟರೆಲ್ಲ ಬಂದು, ಎಲ್ಲಿ ನೋಡೋಣ, ಎಷ್ಟು ಗಟ್ಟಿ ಐತೆ ಅಂತ ಒಬ್ಬೊಬ್ಬರೂ ಮುಟ್ಟೋಕೆ ಹೋಗೋರು. ನಮ್ಮ ಜನ ಪ್ರೀತಿ ತೋರಿಸೋದೇ ಹಾಗೆ. ಅಕ್ಕ ಆ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ಮುಖ ನೋಡಿ, ಮಾತಾಡ್ಸಿ, ಹೋಗ್ತಾ ಇರಿ. ಹೊಟ್ಟೆ ಮುಟ್ಟಿದ್ರೆ ಕೈ ಮುರೀತೀನಿ!" ಮಸೀದಿಯಿಂದ ಬಂದ ಹಿರಿಯರಿಗೂ ಅದೇ ಮಾತು, ನಮ್ಮ ಹೆಡ್‌ಮಾಸ್ಟರಿಗೂ ಅದೇ ಮಾತು.

ಮೊದಲು ಇಂಜೆಕ್ಷನ್ನು ಕೊಟ್ಟು ಗಡ್ಡೆ ಕುಗ್ಗಿಸಿದರು. ಆಮೇಲೆ ಆಪರೇಷನ್ ಮಾಡಿ ಒಂದು ಮೂತ್ರಪಿಂಡದ ಜೊತೆಗೇ ತೆಗೆದರು. ಮತ್ತೆ ಇಂಜೆಕ್ಷನ್ನು. ನೂರಿಯ ತಲೆ ಬೋಳಾಗಿ ಮತ್ತೆ ಗುಂಗುರು ಕೂದಲು ಬಂತು. ಈಗ ನನ್ನ ಕ್ಲಾಸಿನಲ್ಲೇ ಇದ್ದಾಳೆ. ಮಗ್ಗಿ ಬರಲ್ಲ, ಮಹಾ ಗಲಾಟೆ. ಅವಳನ್ನು ನೋಡಿದಾಗೆಲ್ಲ ನನಗೆ ಸಂತೋಷ ಆಗುತ್ತೆ ಅಂತ ಹೇಳಿದರೆ ಪೂರ್ತಿ ನಿಜವಲ್ಲ. ಕೆಲವು ದಿನ ಅವಳು ಓಡುವಾಗ ಇವಳ ಜೊತೆ ಇನ್ನೊಬ್ಬ ಓಡಬೇಕಿತ್ತಲ್ಲ ಅನ್ನಿಸಿ ಸ್ಟಾಫ್ ರೂಮಿಗೆ ಹೋಗಿ ಕೂರುತ್ತೇನೆ.

ಅಕ್ಕ ನಿವೃತ್ತರಾಗುವ ಮುಂಚೆ ಒಂದು ತೂಕದ ದಿನ ಸಿರಿಯನ್ನು ಎತ್ತಿಕೊಂಡು ಹೋಗಿ ಅವರ ತೊಡೆಯ ಮೇಲೆ ಹಾಕಿದೆ. ಅಕ್ಕ ಅಂಗೈ ತಿಕ್ಕಿಕೊಂಡರು. ತಿಕ್ಕಿಕೊಳ್ಳುತ್ತಲೇ ಇದ್ದರು. "ನಂಗಾಗಲ್ಲಮ್ಮಾ, ನಿನ್ನ ಮಗೂನ ನಾನು ಮುಟ್ಟಲಾರೆ," ಅಂದರು. ಆಮೇಲೆ ನನ್ನ ಕೈ ಹಿಡಿದೆಳೆದು ಸಿರಿಯ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ತಮ್ಮ ಕೈ ಇಟ್ಟರು. "ಹಗುರ. ಇನ್ನೂ ಹಗುರ. ಬೆರಳು ಬಿಡು, ಅಂಗೈ ಕೇಳ್ಲಿ. ಏನ್ ತಿಂದೆ ಅಂತ ಕೇಳು ಅವಳನ್ನ." ಕೇಳಿದೆ. ಸಿರಿ ನಕ್ಕಳು. ಹೊಟ್ಟೆ ಬೆಣ್ಣೆಯ ಹಾಗಿತ್ತು, ಎಲ್ಲೂ ಏನೂ ಇರಲಿಲ್ಲ. ಅಕ್ಕ ತಲೆ ಎತ್ತಿ ಮರ ನೋಡುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ನಿವೃತ್ತಿಯಾದ ಮೇಲೆ ಗೌರಿಬಿದನೂರಿನಲ್ಲಿದ್ದ ಮಗಳ ಮನೆಗೆ ಹೋದರು. ಅಲ್ಲೂ ಬೀದಿಯ ಮಕ್ಕಳನ್ನು ಕರೆದು ಏನು ತಿಂದೆ ಅಂತ ಹುಡುಕುತ್ತಿದ್ದರಂತೆ. ಹೋದ ತಿಂಗಳು ಹೂವು ಕಟ್ಟುತ್ತಾ ಕೂತವರು ಹಾಗೇ ಒರಗಿದರಂತೆ, ಹೃದಯ ನಿಂತಿತ್ತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಭೆಯಲ್ಲಿ ಮಾತಾಡಲ್ಲ ಅಂದೆನಲ್ಲ, ಆ ಹೊಸ ಟೀಚರಿಗೆ ಸಮಾಧಾನ ಮಾಡೋಕೆ ಮಾರನೇ ದಿನ ನಾನೇ ಹೋದೆ. ತೂಕದ ದಿನ ನನ್ನನ್ನು ಕರಿಯಮ್ಮ, ಒಂದು ಆಟ ಹೇಳ್ಕೊಡ್ತೀನಿ ಅಂದೆ. ಮೊದಲು ಅಂಗೈ ಬೆಚ್ಚಗೆ ಮಾಡ್ಕೋಬೇಕು ಅಂದೆ.

ಸಭೆಗೆ ಅಂತ ಎಲ್ಲರೂ ಅಕ್ಕನ ಒಂದು ಒಳ್ಳೆಯ ಫೋಟೋ ಹುಡುಕಿದ್ದರು, ಸಿಕ್ಕಿರಲಿಲ್ಲ. ಯಾವ ಫೋಟೋದಲ್ಲಿ ನೋಡಿದರೂ ಮಕ್ಕಳನ್ನು ಮುಂದೆ ತಳ್ಳಿ ತಾವು ಹೊರಗೇ. ಕೊನೆಗೆ ಆಫೀಸಿನ ಗುರುತಿನ ಚೀಟಿಯ ಮಸುಕು ಫೋಟೋಗೇ ಹಾರ ಹಾಕಿದರು. ನಾನೂ ಅವತ್ತು ಫೋನಿನಲ್ಲಿ ಹುಡುಕಿ ಹುಡುಕಿ, ಸಿಕ್ಕಿದ್ದು ಆ ಕೈ ಒಂದೇ.

ಮೊನ್ನೆ ಶಿಡ್ಲಘಟ್ಟದ ಸ್ಟುಡಿಯೋಗೆ ಹೋಗಿ ಮನುವಿನ ಗಣಪನ ಫೋಟೋ ದೊಡ್ಡದು ಮಾಡಿ ಕಟ್ಟು ಹಾಕಿಕೊಡು ಅಂದೆ. ಇಷ್ಟು ವರ್ಷ ಅದನ್ನು ಗೋಡೆಗೆ ಹಾಕುವ ಧೈರ್ಯ ನನಗಿರಲಿಲ್ಲ. ಹುಡುಗ ಕಂಪ್ಯೂಟರಿನಲ್ಲಿ ತೆರೆದು, ಬೆಳಕು ಹೆಚ್ಚು ಕಮ್ಮಿ ಮಾಡಿ ನೋಡಿ, "ಮೇಡಂ, ಸೈಡಲ್ಲಿ ಯಾರದೋ ಕೈ ಬಂದುಬಿಟ್ಟೈತೆ. ತೆಗೆದುಹಾಕ್ತೀನಿ, ಇತ್ತು ಅಂತಾನೂ ಗೊತ್ತಾಗಲ್ಲ," ಅಂದ.

"ಬೇಡಪ್ಪ. ಕೈ ಇರ್ಲಿ," ಅಂದೆ.

"ಯಾರ ಕೈ ಮೇಡಂ ಅದು?"

"ನಮ್ಮಕ್ಕಂದು," ಅಂದೆ.